ಹನ್ನೆರಡನೇ ನಂಬರಿನ ತಪ್ಪುಗಳು

"ನಿಲ್ಲಿ! ತಪ್ಪು!"

ತಪ್ಪಿನ ಗುರುತಿಗೆ ಅವಳು ಎಸೆದ ಹಳದಿ ಬಟ್ಟೆ ನೆಲಕ್ಕೆ ಬೀಳಬೇಕಿತ್ತು. ಬಿದ್ದದ್ದು ಮಾತ್ರ ಹನ್ನೆರಡನೇ ನಂಬರಿನ ಆಟಗಾರನ ಹೆಲ್ಮೆಟ್ಟಿನ ಮೇಲೆ! ಅವನು ಅದನ್ನು ಮಡಚಿ, ಎರಡೂ ಕೈಯಿಂದ ಅವಳಿಗೆ ವಾಪಸ್ ಕೊಟ್ಟ.

"ನಾನೇನು ಮಾಡ್ದೆ ಮೇಡಂ?"

"ಎದುರಿನವರ ಅಂಗಿ ಹಿಡಿದು ಎಳೆದ್ರಿ."

"ಇಷ್ಟೆಲ್ಲ ಗುದ್ದಾಡಬಹುದು, ಅಂಗಿ ಹಿಡೀಬಾರ್ದಾ?"

ಅವನ ಕಣ್ಣಲ್ಲಿ ನಿಜವಾದ ಆಶ್ಚರ್ಯವಿತ್ತು. ಅವಳ ಎದೆ ಯಾಕೋ ಡವಡವ ಅಂದಿತು. ಥೂ, ತೀರ್ಪುಗಾರ್ತಿಗೆ ಇದೆಲ್ಲ ಸಲ್ಲದು...

ಅಮೆರಿಕನ್ ಫುಟ್‌ಬಾಲ್ ಅವರ ದೇಶಕ್ಕೆ ಆಗಷ್ಟೇ ಕಾಲಿಟ್ಟಿತ್ತು. ಆ ಊರಿನ ಮೊದಲ ಆಟ ನೋಡಲು ಬಂದವರು ಹನ್ನೊಂದು ಜನ, ಅದರಲ್ಲಿ ಒಂಬತ್ತು ಜನ ಆಟಗಾರರ ಅಮ್ಮಂದಿರು. "ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ, ಇದ್ಯಾವ ಸೀಮೆ ಫುಟ್‌ಬಾಲು!" ಎಂದು ಅವರೇ ನಕ್ಕಿದ್ದರು. ಆರು ತಂಡಗಳಲ್ಲಿ ಒಬ್ಬರಿಗೂ ನಿಯಮ ಗೊತ್ತಿರಲಿಲ್ಲ. ಇನ್ನೂರು ಪುಟದ ನಿಯಮದ ಪುಸ್ತಕ ಓದಿದ್ದವಳು ಅವಳೊಬ್ಬಳೇ. ಲೈಬ್ರರಿಯ ಕೆಲಸದಲ್ಲಿ ಅದಕ್ಕೆ ನಂಬರು ಅಂಟಿಸಲು ಹೋಗಿ, ಕುತೂಹಲ ತಡೆಯದೆ ಪೂರ್ತಿ ಓದಿಬಿಟ್ಟಿದ್ದಳು. ಸುದ್ದಿ ತಿಳಿದ, ಈ ಆಟದ ಸಂಘದ ಅಧ್ಯಕ್ಷರು ತಮ್ಮ ಬೇಕರಿಯಿಂದ ಸೀದಾ ಬಂದು ಅವಳ ಕೈಗೆ ಸೀಟಿ ಕೊಟ್ಟರು.

ವಾರವಿಡೀ ಪಿಸುಮಾತಿನಲ್ಲೇ ಬದುಕುತ್ತಿದ್ದವಳಿಗೆ ಭಾನುವಾರ ಗಂಟಲು ಬಿಚ್ಚಿ ಕೂಗುವ ಸುಖ ಸಿಕ್ಕಿತು. ಆ ಸೀಟಿ ಈಗ ಅವಳಿಗೆ ಪ್ರಾಣ.

ಎಲ್ಲರೂ ಕಲಿಯುವವರೇ ಆದ್ದರಿಂದ ಸಂಘ ಒಂದು ಪದ್ಧತಿ ಮಾಡಿತ್ತು. ಯಾರಾದರೂ ಹೊಸ ಬಗೆಯ ತಪ್ಪು ಮಾಡಿದರೆ ಆಟ ಒಂದು ನಿಮಿಷ ನಿಲ್ಲಬೇಕು, ಅವಳು ಅವನ ಹತ್ತಿರ ಹೋಗಿ ನಿಯಮ ವಿವರಿಸಬೇಕು. ಅದೇ ತಪ್ಪನ್ನು ಮತ್ತೆ ಮಾಡಿದರೆ ವಿವರಣೆ ಇಲ್ಲ, ಬರೀ ಶಿಕ್ಷೆ.

ಹನ್ನೆರಡನೇ ನಂಬರಿನವನು ಲಿಫ್ಟ್ ರಿಪೇರಿ ಮಾಡುವವನು. ವಾರವಾರವೂ ಹೊಸ ಹೊಸ ತಪ್ಪು! ಅವಳು ವಿವರಿಸುವಳು, ಅವನು ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಭಕ್ತಿಯಿಂದ ಕೇಳುವನು.

ಇಷ್ಟು ತಪ್ಪು ಮಾಡೋಕೆ ಒಬ್ಬ ಮನುಷ್ಯನಿಂದ ಸಾಧ್ಯವಾ?

ಹೀಗೆ ನಾಲ್ಕು ತಿಂಗಳು ಕಳೆಯಿತು. ನೋಡುವವರು ನಾನೂರು ಜನರಾದರು. ಆಗಲೇ ಅವಳ ಮೇಲೆ ದೂರು ಬಂತು.

ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳ ನಡುವೆ ವಿಚಾರಣೆ. ದೂರು ಕೊಟ್ಟವಳು ಹನ್ನೆರಡನೇ ನಂಬರಿನವನ ಅಕ್ಕ, ತಂಡದ ಮ್ಯಾನೇಜರು.

"ನಮ್ಮ ಆಟಗಳಲ್ಲಿ ಇವರು ಹಿಡಿದಿದ್ದು ಒಟ್ಟು ಮೂವತ್ತು ತಪ್ಪು, ಅದರಲ್ಲಿ ಇಪ್ಪತ್ಮೂರು ನನ್ನ ತಮ್ಮಂದೇ ಅಂತೆ! ಸೊಳ್ಳೆ ಹೊಡೆಯೋಕೂ ಹಿಂದೆಮುಂದೆ ನೋಡೋ ಹುಡುಗ ಇವ್ನು. ಇವರಿಗೆ ಇವನ ಮೇಲೆ ಹಗೆ ಸರ್!"

ಅವನು ತಲೆ ತಗ್ಗಿಸಿ ಕುಳಿತಿದ್ದ. ಇವನೇ ದೂರು ಕೊಡಿಸಿದ್ದಾನೆ... ನನ್ನನ್ನು ಕಂಡರೆ ಇಷ್ಟೊಂದು ಕೋಪವಾ? ಅವಳ ಕಣ್ಣು ತುಂಬಿ ಬಂತು.

"ಹಗೆ ಇದ್ರೆ ಸೀಟಿ ವಾಪಸ್ ತಗೋಬೇಕಾಗತ್ತಮ್ಮಾ," ಎಂದರು ಅಧ್ಯಕ್ಷರು.

"ಹಗೆ ಇಲ್ಲ ಸರ್. ಇವರು ಮಾಡಿದ ತಪ್ಪೆಲ್ಲ ನಿಜ. ಆದ್ರೆ ಉಳಿದ ಇಪ್ಪತ್ತೊಂದು ಜನ ಏನು ಮಾಡ್ತಿದ್ರು ಅಂತ ನನಗೆ ಗೊತ್ತಿಲ್ಲ. ನಾನು ಆ ಕಡೆ ನೋಡ್ತಾನೇ ಇರ್ಲಿಲ್ಲ."

"ಮತ್ತೆ ಯಾವ ಕಡೆ ನೋಡ್ತಿದ್ರಿ?"

ಅವಳು ಸೀಟಿಯನ್ನು ಮೇಜಿನ ಮೇಲಿಟ್ಟಳು. "ಇವರನ್ನೇ ನೋಡ್ತಿದ್ದೆ ಸರ್. ಮೊದಲ ದಿನದಿಂದ."

ಅವನು ದಡಬಡ ಎದ್ದು ನಿಂತ.

"ಸೀಟಿ ತಗೋಬೇಡಿ ಸರ್! ಮೊದಲನೇ ತಪ್ಪು ಗೊತ್ತಿಲ್ದೆ ಆಗಿದ್ದು. ಉಳಿದ ಇಪ್ಪತ್ತೆರಡು ನಾನು ಬೇಕಂತಲೇ ಮಾಡಿದ್ದು!"

"ಬೇಕಂತಲಾ? ನಾಲ್ಕು ಆಟ ಸೋತ್ವಲ್ಲೋ!" ಅಕ್ಕ ಚೀರಿದಳು.

"ಹೊಸ ತಪ್ಪು ಮಾಡಿದ್ರೆ ಮಾತ್ರ ಇವರು ಹತ್ರ ಬಂದು ಮಾತಾಡ್ತಾರೆ ಅಕ್ಕಾ. ಅದಕ್ಕೇ... ಹೊಸ ತಪ್ಪು ಹುಡುಕೋಕೆ ಇವರ ರಜೆ ದಿನ ಲೈಬ್ರರಿಗೆ ಹೋಗಿ ಹೋಗಿ ಆ ನಿಯಮದ ಪುಸ್ತಕ ಪೂರ್ತಿ ಓದ್ದೆ."

"ಅಯ್ಯೋ, ಲೈಬ್ರರಿಯಲ್ಲೇ ನನ್ನ ಹತ್ರ ಮಾತಾಡಬಹುದಿತ್ತಲ್ಲ!" ಎಂದಳು ಅವಳು.

"ಅಲ್ಲಿ ಮಾತಾಡಬೇಡಿ ಅಂತ ಬೋರ್ಡ್ ಇದೆಯಲ್ಲ ಮೇಡಂ..."

ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕರು. "ಪುಸ್ತಕ ಓದಿದೋರು ಇಬ್ಬರಾದ್ರಲ್ಲ, ನನಗೆ ಅಷ್ಟು ಸಾಕು! ಬೇರೆ ತಂಡದ ಆಟಗಳಿಗೆ ಇಬ್ಬರೂ ಸೇರಿ ತೀರ್ಪು ಕೊಡಿ. ಇವನ ತಂಡದ ಆಟಕ್ಕೆ ಮಾತ್ರ ಈಯಮ್ಮ ಬೇಡ. ಅದನ್ನ ನಾನೇ ನೋಡ್ಕೋತೀನಿ. ಆ ಪುಸ್ತಕ ಕೊಡಿ ಇಲ್ಲಿ." ಅವಳು ಚೀಲದಿಂದ ತೆಗೆದುಕೊಟ್ಟ ಪುಸ್ತಕದ ದಪ್ಪ ನೋಡಿ ಅವರ ಮುಖ ಸಪ್ಪಗಾಯಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಇಬ್ಬರೂ ಫುಟ್‌ಪಾತಿನ ಮೇಲೆ ಬಂದು ನಿಂತರು.

"ಇಷ್ಟ ಅಂತ ನೀವಿನ್ನೂ ಒಂದ್ಸಲನೂ ಹೇಳಿಲ್ಲ," ಎಂದಳು ಅವಳು.

"ಇಷ್ಟ... ತುಂಬಾ ಇಷ್ಟ." ಅವನ ಕಿವಿ ಕೆಂಪಾಯಿತು. "ನಾಳೆ ಸಂಜೆ ಬಿಡುವು ಮಾಡ್ಕೋತೀರಾ?"

"ನಾಳೆ ಯಾಕ್ರೀ? ಇಲ್ಲೇ ಇದ್ದೀನಲ್ಲ!"