ಬಬ್ಬೂರಿನ ಸೊಸೆಯ ಪಾಸ್‌ಪೋರ್ಟ್

ಸೋಮವಾರ ಬೆಳಿಗ್ಗೆ ಹಿರಿಯೂರಿನ ಠಾಣೆಗೆ ಬಂದ ದೂರು ಚಿಕ್ಕದು: ಮನೆಯ ಬೀರುವಿನಲ್ಲಿದ್ದ ಪಾಸ್‌ಪೋರ್ಟ್ ಕಾಣೆಯಾಗಿದೆ. ದೂರು ತಂದವರು ಬಬ್ಬೂರಿನ ತಿಪ್ಪೇಶ್ ಮತ್ತು ಅವನ ಹೆಂಡತಿ ಯಾಳಿನಿ. ಪಾಸ್‌ಪೋರ್ಟ್ ಯಾಳಿನಿಯದು. ಅವಳು ಶ್ರೀಲಂಕಾದವಳು, ದುಬೈಯಲ್ಲಿ ಒಂದೇ ಅಂಗಡಿಯಲ್ಲಿ ಕೆಲಸ ಮಾಡುವಾಗ ಇಬ್ಬರೂ ಮದುವೆಯಾಗಿದ್ದರು. ಇಲ್ಲಿಗೆ ಬಂದ ಮೇಲೆ ಬಬ್ಬೂರಿನ ಕನ್ನಡವನ್ನು ಬಬ್ಬೂರಿನವರಷ್ಟೇ ಜೋರಾಗಿ ಆಡಲು ಕಲಿತಿದ್ದಳು.

“ಪಾಸ್‌ಬುಕ್ ಹೋದ್ರೆ ಬ್ಯಾಂಕಿನೋರು ಇನ್ನೊಂದು ಕೊಡಲ್ವೇನವ್ವ? ಇದೂ ಹಂಗೇ,” ಎಂದ ಹೆಡ್ ಕಾನ್‌ಸ್ಟೆಬಲ್ ಕಾಟಪ್ಪ. ಅವನ ಬಳಿ ಎಲ್ಲದಕ್ಕೂ ಒಂದು ಸಮಾಧಾನ ಸಿದ್ಧವಿರುತ್ತದೆ.

“ನಮ್ಮಪ್ಪ ಆಸ್ಪತ್ರೆಯಾಗೆ ಅವ್ರೆ ಸಾರ್, ಉಸಿರಿಗೆ ಮಿಷಿನ್ ಹಾಕ್ಯಾರೆ. ಬುಧವಾರ ನಂಗೂ ಮಗಳಿಗೂ ವಿಮಾನ. ಗುರುವಾರಕ್ಕೆ ನನ್ನ ವೀಸಾ ಮುಗೀತೈತೆ. ಅಲ್ಲಿಂದ ಹೊಸದು ಮಾಡಿಸ್ಕಂಡು ಬರಾಣ ಅಂತಿದ್ದೆ.”

ಇನ್ಸ್‌ಪೆಕ್ಟರ್ ಮುರುಗೇಶ್‌ಗೆ ವಿಷಯ ತಿಳಿಯಿತು. ಗುರುವಾರ ದಾಟಿದರೆ ಈ ದೂರುದಾರಳೇ ಕಾನೂನಿನ ಕಣ್ಣಿಗೆ ತಪ್ಪಿತಸ್ಥಳು. ಎಫ್‌ಐಆರ್ ದಾಖಲಿಸಿ ಆ ಕೂಡಲೇ ಬಬ್ಬೂರಿಗೆ ಹೊರಟರು.

ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಹೊರಗಿನವರ ಕೆಲಸವಲ್ಲ.

“ಹೆಂಡ್ತಿ ತಿರುಗಿ ಬರ್ತಾಳೆ ಅಂತ ನಂಬಿಕೆ ಐತೇನಪ್ಪ?” ಎಂದು ಮುರುಗೇಶ್ ತಿಪ್ಪೇಶನನ್ನು ಕೇಳಿದರು.

ಅವನು ತುಸು ತಡೆದ. “ಐತೆ ಸಾರ್. ಟಿಕೀಟು ಮಾಡ್ಸಿದ್ದೇ ನಾನು.”

ಆ ತಡವರಿಕೆಯೇ ತಪ್ಪು ದಾರಿ ಹಿಡಿಸಿತು. ಮುಂದಿನ ದಿನಗಳೆಲ್ಲ ಗಂಡನ ಬೆನ್ನು ಹತ್ತಿದ್ದರಲ್ಲೇ ಕಳೆದವು.

ಅಂದು ಸೋಮವಾರವೇ ಇಬ್ಬರು ಪಂಚರ ಮುಂದೆ ಮನೆ ಶೋಧಿಸಿದರು. ಕೊನೆಗೆ ಉಳಿದದ್ದು ದೇವರ ಮನೆ. ಒಳಗೆ ತಿಪ್ಪೇಶನ ತಾಯಿ ಬಸಮ್ಮ ಮಣೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಯಲ್ಲಿದ್ದಳು. ಮುರುಗೇಶ್ ಹೊಳಲ್ಕೆರೆ ಕಡೆಯ ಲಿಂಗಧಾರಿ ಮನೆತನದವರು. ಪೂಜೆಗೆ ಕೂತವರನ್ನು ಎಬ್ಬಿಸಬಾರದೆಂದು ಹೇಳಿಸಿಕೊಂಡೇ ಬೆಳೆದವರು. ಟೋಪಿ ತೆಗೆದು ಹೊಸ್ತಿಲಲ್ಲೇ ಕೈಮುಗಿದು ಹಿಂತಿರುಗಿದರು. ‘ಎಲ್ಲಾ ಕೋಣೆಗಳನ್ನು ಶೋಧಿಸಲಾಯಿತು’ ಎಂದು ಪಂಚನಾಮೆಯಾಯಿತು.

ಬುಧವಾರ ವಿಮಾನ ಹೋಯಿತು. ಗುರುವಾರ ಯಾಳಿನಿಯ ತಂದೆ ತೀರಿಕೊಂಡರು, ವೀಸಾವೂ ಮುಗಿಯಿತು. ಶುಕ್ರವಾರ ಚಿತ್ರದುರ್ಗದ ವಿದೇಶಿಯರ ನೋಂದಣಿ ಕಚೇರಿಯಿಂದ ಯಾಳಿನಿಯ ಹೆಸರಿಗೆ ನೋಟಿಸು ಬಂತು: ದಂಡ ಕಟ್ಟಿ, ನಿರ್ಗಮನ ಪರವಾನಗಿ ಪಡೆದು ದೇಶ ಬಿಡಬೇಕು. ಮತ್ತೆ ವೀಸಾ ಕೊಡುತ್ತಾರೋ ಇಲ್ಲವೋ ಯಾರೂ ಹೇಳಲಾರರು. ಅದನ್ನು ಜಾರಿ ಮಾಡಲು ಮುರುಗೇಶ್ ಕಾನ್‌ಸ್ಟೆಬಲ್ ಗಂಗಾಳೊಂದಿಗೆ ಹೋದರು. ಕಳ್ಳನನ್ನು ಹಿಡಿಯದೆ ಕಳೆದುಕೊಂಡವಳಿಗೇ ನೋಟಿಸು ಕೊಡುವುದಕ್ಕೆ ಅವರಿಗೆ ನಾಚಿಕೆಯಾಗುತ್ತಿತ್ತು.

ಯಾಳಿನಿ ಸಹಿ ಹಾಕಿದಳು. “ನಮ್ಮತ್ತೆಗಾದ್ರೂ ಬುದ್ಧಿ ಹೇಳ್ರಿ ಸಾರ್. ಸೋಮವಾರದಿಂದ ಉಂಡಿಲ್ಲ, ಬರೀ ಮಜ್ಜಿಗೆ. ನನ್ನ ಚಿಂತೆನಾಗೇ ಸೊರಗಿ ಹೋದ್ರು.”

“ಇಂಥಾ ಅತ್ತೆ ಯಾರಿಗೈತೆ!” ಎಂದಳು ಗಂಗಾ.

ಮುರುಗೇಶ್ ಮಾತ್ರ ತಲೆಯೆತ್ತಿದರು. “ಪೂಜೆ ಮಾಡ್ತಾರಾ?”

“ಇಲ್ಲ ಸಾರ್. ಮೈಯಾಗೆ ಹುಷಾರಿಲ್ಲ ಅಂತಾರೆ.”

ಮುರುಗೇಶರ ತಾಯಿ ಜ್ವರದಲ್ಲೂ ಲಿಂಗಪೂಜೆ ಮುಗಿಸದೆ ಗಂಜಿ ಮುಟ್ಟುತ್ತಿರಲಿಲ್ಲ. ಪೂಜೆಯಿಲ್ಲದಿದ್ದರೆ ಊಟವಿಲ್ಲ. ಹಾಗಾದರೆ ಬಸಮ್ಮ ಬಿಟ್ಟದ್ದು ಊಟವನ್ನಲ್ಲ, ಪೂಜೆಯನ್ನು. ಯಾಕೆ?

ಪಂಚರನ್ನು ಮತ್ತೆ ಕರೆಸಿದರು. ಬೂಟು ಬಿಚ್ಚಿ, ಕೈಕಾಲು ತೊಳೆದು ಬಸಮ್ಮನ ಎದುರು ಕೂತರು.

“ಅವ್ವಾರೆ, ಲಿಂಗ ಕೈಗೆ ತಗಂಡು ಹೇಳ್ರಿ. ಪಾಸ್‌ಪೋರ್ಟ್ ಎಲ್ಲೈತೆ?”

ಬಸಮ್ಮನ ಕೈ ಎದೆಯವರೆಗೆ ಹೋಗಿ ನಿಂತಿತು.

“ಪೂಜೆ ಮಣೆ ಕೆಳಗೈತೆ ಸಾಹೇಬ್ರೆ. ಅವತ್ತು ಅದ್ರ ಮ್ಯಾಲೇ ಕುಂತಿದ್ದೆ. ನೀವು ಕೈಮುಗಿದು ಹೋದ್ರಿ. ಲಿಂಗ ಕೈಯಾಗಿಟ್ಕಂಡು ಮೋಸ ಮಾಡ್ದೆ. ಆಮ್ಯಾಲೆ ಯಾವ ಮಕ ಹೊತ್ಕಂಡು ಮುಟ್ಲಿ?”

“ಯಾಕೆ ಮಾಡಿದ್ರಿ?”

“ಕೂಸನ್ನ ಕರ್ಕಂಡು ಹೋದ್ರೆ ತಿರುಗಿ ಬರಲ್ಲ ಅಂತ ಭಯ ಆತು. ವಿಮಾನ ತಪ್ಪಿದ್ರೆ ಸಾಕು ಅಂತಿದ್ದೆ. ಅವ್ಳ ಮ್ಯಾಲೇ ಕೇಸು ಬರ್ತೈತೆ ಅಂತ ನಂಗೇನು ಗೊತ್ತು?”

ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಪಾಸ್‌ಪೋರ್ಟ್ ಜಪ್ತಿಯಾಯಿತು. ಹೊತ್ತು ಮುಳುಗುವ ಮೊದಲೇ ಗಂಗಾ ಬಸಮ್ಮನನ್ನು ಬಂಧಿಸಿ ಜೀಪಿನತ್ತ ಕರೆತಂದಳು. ಯಾಳಿನಿ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ.

“ಕೇಳಿದ್ರೆ ಕೂಸನ್ನ ನಿಮ್ಮತ್ರನೇ ಬಿಟ್ಟು ಹೋಗ್ತಿದ್ನಲ್ಲ ಅತ್ತೆ. ಈಗ ಹೆಂಗೆ ಬಿಟ್ಟು ಹೋಗ್ಲಿ?”

ಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಠಾಣೆಯಲ್ಲಿ ಮುರುಗೇಶ್ ಕೇಸ್ ಡೈರಿ ಬರೆದರು: ‘ಸೋಮವಾರ ದೇವರ ಮನೆಯನ್ನು ಶೋಧಿಸಿರಲಿಲ್ಲ. ತಪ್ಪು ನನ್ನದು.’ ಅಂದೇ ಮಣೆ ಎತ್ತಿಸಿದ್ದರೆ ಯಾಳಿನಿ ತಂದೆಯ ಮುಖ ನೋಡುತ್ತಿದ್ದಳು. ಅದನ್ನು ಬರೆಯಲು ಡೈರಿಯಲ್ಲಿ ಜಾಗವಿಲ್ಲ.

ಬಸಮ್ಮ ನಲ್ಲಿಯಲ್ಲಿ ಕೈ ತೊಳೆದು, ಮೂಲೆಯ ಬೆಂಚಿನ ಮೇಲೆ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಗಂಗಾ ಕೊಟ್ಟ ಅನ್ನವನ್ನು ಎರಡು ತುತ್ತು ಉಂಡು ಕೈ ನಿಲ್ಲಿಸಿದಳು.

“ನಮ್ಮ ಸೊಸೆ ಉಂಡ್ಲೇನವ್ವ?” ಎಂದು ಕೇಳಿದಳು.

ಎಲ್ಲದಕ್ಕೂ ಸಮಾಧಾನ ಹೇಳುವ ಕಾಟಪ್ಪ ತಿಪ್ಪೇಶನಿಗೆ ಫೋನು ಮಾಡಲು ಎದ್ದ.