ದುರ್ಗಿ ಎಳೆದು ನೋಡಿದ ನೀರುಪಂಖ

ಬಹಳ ಬಹಳ ಹಿಂದೆ, ಕಡಲನ್ನೇ ಅಂಗಳ ಮಾಡಿಕೊಂಡಿದ್ದ ಅಲೆಯೂರೆಂಬ ರಾಜ್ಯದಲ್ಲಿ ದುರ್ಗಿ ಎಂಬ ದೋಣಿ ಬಡಗಿ ಇದ್ದಳು. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಈ ಕತೆ ಕೇಳಿದ ಮೇಲೂ ನಿಮಗೆ ಸಿಟ್ಟು ಬರದಿದ್ದರೆ ಹೇಳಿ.

ಎದುರಿನ ದ್ವೀಪದಲ್ಲಿ ಗಂಧಕನೆಂಬ ಮಾಂತ್ರಿಕನಿದ್ದ. ಹಾಯಿಗಳ ಪಟಪಟ ಸದ್ದಿಗೆ ತನ್ನ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅವನು ಊರಿನ ಗಾಳಿಯನ್ನೆಲ್ಲ ಹಿಡಿದು ತಾಮ್ರದ ಹಂಡೆಗೆ ತುಂಬಿಬಿಟ್ಟ. ಬರೀ ನಿದ್ದೆಗೋಸ್ಕರ! ಹಾಯಿದೋಣಿಗಳು ನಿಂತಲ್ಲೇ ನಿಂತವು, ಮನೆಮನೆಯ ಒಲೆ ಆರಿತು. ದುರ್ಗಿಯ ಅಣ್ಣ ಕುಪ್ಪಯ್ಯ ಏಳು ದಿನ ಹುಟ್ಟು ಹಾಕಿ ದ್ವೀಪಕ್ಕೆ ಹೋಗಿ ಗಾಳಿ ಬಿಡೆಂದು ಕೈಮುಗಿದ. ಗಂಧಕ ಅವನನ್ನು ಉಪ್ಪಿನ ಬೊಂಬೆ ಮಾಡಿ ದಡದಲ್ಲಿ ನಿಲ್ಲಿಸಿದ. ಹುಣ್ಣಿಮೆಯ ಉಬ್ಬರ ಬಂದರೆ ಬೊಂಬೆ ಪೂರ್ತಿ ಕರಗುವುದು. ಕಡಲಹಕ್ಕಿಯೊಂದು ಈ ಸುದ್ದಿ ತಂದಾಗ ಹುಣ್ಣಿಮೆಗೆ ಮೂರೇ ದಿನ ಉಳಿದಿತ್ತು.

ದುರ್ಗಿ ಅರಮನೆಗೆ ಓಡಿದಳು. ಅಲ್ಲಿಯ ಕೊಳದಲ್ಲಿ ಮಾತಾಡುವ ಮುದಿ ಆಮೆಯೊಂದು ಮೂರು ಮಾಯದ ನೀರುಪಂಖಗಳನ್ನು ಕಾಯುತ್ತಿತ್ತು. ದೋಣಿಯ ಹಿಂಬದಿಗೆ, ನೀರಿನೊಳಗೆ ಕಟ್ಟಿದರೆ ಅವು ತಾವೇ ತಿರುಗಿ ದೋಣಿಯನ್ನು ಮುಂದಕ್ಕೆ ತಳ್ಳುತ್ತಿದ್ದವು. ಒಂದು ಚಿನ್ನದ್ದು, ಮೂರು ಅಗಲ ಎಸಳಿನದು. ಇನ್ನೊಂದು ಬೆಳ್ಳಿಯದು, ಎರಡು ಸಣ್ಣ ಎಸಳಿನದು. ಮೂರನೆಯದು ಕಪ್ಪಿಟ್ಟ ಕಂಚಿನದು. ಅದರ ಎಸಳುಗಳು ಬುಡದಲ್ಲೇ ಸಡಿಲವಾಗಿ ಜೋಲುತ್ತಿದ್ದವು.

"ಒಂದು ಸಲಕ್ಕೆ ಒಂದೇ" ಎಂದಿತು ಆಮೆ. "ದ್ವೀಪದ ಹತ್ತಿರ ಹಂಡೆಯಿಂದ ಸೋರಿದ ಗಾಳಿ ಬೀಸುತ್ತದೆ. ಅಲ್ಲಿ ಗಂಧಕನ ಮಂತ್ರದ ಕಟ್ಟಿದೆ, ಯಾವ ಪಂಖವೂ ತಿರುಗದು. ಹಾಯಿ ಬಿಚ್ಚಿಯೇ ಹೋಗಬೇಕು."

ದೋಣಿ ಬಡಗಿಗಳಲ್ಲಿ ಒಂದು ಪದ್ಧತಿಯಿತ್ತು. ನೀರಿಗಿಳಿಯುವ ಯಾವ ಸಾಮಾನನ್ನೇ ಆಗಲಿ, ಹಗ್ಗಕ್ಕೆ ಕಟ್ಟಿ ಎದೆಮಟ್ಟದ ನೀರಿನಲ್ಲಿ ಎಳೆದು ನೋಡದೆ ಜೋಡಿಸುವಂತಿಲ್ಲ. ದುರ್ಗಿ ಹಗ್ಗ ತೆಗೆದಳು. ಪಕ್ಕದಲ್ಲೇ ನಿಂತಿದ್ದ ರಾಜನ ಮಂತ್ರಿ ಕೆಂಡವಾದ.

"ಏನೇ, ಮಹಾರಾಜರ ಚಿನ್ನವನ್ನು ಕೆಸರಲ್ಲಿ ಎಳೆದಾಡ್ತೀಯಾ? ಚಿನ್ನಕ್ಕಿಂತ ಒಳ್ಳೇದು ಇನ್ನೇನಿದೆ? ಕಟ್ಟಿಕೊಂಡು ಹೋಗು!"

ಜಗಳಕ್ಕೆ ಹೊತ್ತಿರಲಿಲ್ಲ. ದುರ್ಗಿ ಹಲ್ಲು ಕಚ್ಚಿಕೊಂಡು ಹೊರಟಳು.

ಗಾಳಿಯಿಲ್ಲದ ಕಡಲಿನಲ್ಲಿ ಚಿನ್ನದ ಪಂಖ ದೋಣಿಯನ್ನು ಬಾಣದಂತೆ ಒಯ್ದಿತು. ಗಾಳಿ ಸಿಕ್ಕಿದ್ದೇ ತಡ, ಪಂಖ ನಿಂತಿತು. ದುರ್ಗಿ ಹಾಯಿ ಬಿಚ್ಚಿದಳು. ಹಾಯಿ ಉಬ್ಬಿತು, ದೋಣಿ ಮಾತ್ರ ತೆವಳಿತು. ನಿಂತ ಮೂರು ಎಸಳುಗಳು, ಬಾಲಕ್ಕೆ ಕೊಡ ಕಟ್ಟಿದ ಹಾಗೆ, ನೀರನ್ನು ತಡೆದು ಜಗ್ಗುತ್ತಿದ್ದವು. ಎದುರಿನ ದಡದಲ್ಲಿ ಅಣ್ಣ ಬೆಳ್ಳಗೆ ನಿಂತಿದ್ದ. ಅವಳು ನೋಡುತ್ತಿದ್ದಂತೆಯೇ ಉಬ್ಬರದ ಅಲೆಯೊಂದು ಅವನ ಕಾಲಿನ ಒಂದು ಬೆರಳನ್ನು ಕರಗಿಸಿಕೊಂಡು ಹೋಯಿತು. ನೀರಿನ ಸೆಳೆತ ದೋಣಿಯನ್ನು ಹಿಂದಕ್ಕೆ ನೂಕಿತು. ದುರ್ಗಿ ಬರಿಗೈಯಲ್ಲಿ ಅರಮನೆಗೆ ಮರಳಿದಳು.

"ಹಾಗಾದರೆ ಬೆಳ್ಳಿ ತಗೋ" ಎಂದ ಮಂತ್ರಿ, ಬಳೆ ಆರಿಸುವವನ ಹಾಗೆ. ಆಗಲೂ ಎಳೆದು ನೋಡಲು ಬಿಡಲಿಲ್ಲ. ಬೆಳ್ಳಿಯ ಪಂಖ ಜಗ್ಗಿದ್ದು ಕಡಿಮೆ, ಆದರೆ ತಳ್ಳಿದ್ದು ಅದಕ್ಕಿಂತ ಕಡಿಮೆ. ಗಾಳಿ ಸಿಗುವ ಹೊತ್ತಿಗೆ ಉಬ್ಬರ ಶುರುವಾಗಿತ್ತು. ಕೂಗಳತೆಯಲ್ಲಿದ್ದ ಅಣ್ಣನ ಇನ್ನೊಂದು ಬೆರಳು ಅವಳ ಕಣ್ಣೆದುರೇ ಹೋಯಿತು. ಸೆಳೆತ ಮತ್ತೆ ದೋಣಿಯನ್ನು ಹಿಂದಕ್ಕೆ ನೂಕಿದಾಗ ದುರ್ಗಿ ಸಿಟ್ಟಿಗೆ ಅತ್ತುಬಿಟ್ಟಳು.

ಮೂರನೆಯ ದಿನ ಮಂತ್ರಿ, "ಇನ್ನುಳಿದದ್ದು ಮುರುಕಲು, ಅದರಿಂದ ಏನಾದೀತು?" ಎಂದ.

"ನಿಮ್ಮ ಚಿನ್ನ ಬೆಳ್ಳಿ ನೋಡಿ ಸಾಕಾಯ್ತು ಸ್ವಾಮಿ! ಅಲ್ಲಿ ಕರಗ್ತಿರೋದು ನಿಮ್ಮಣ್ಣ ಅಲ್ಲ, ನನ್ನಣ್ಣ. ದಾರಿ ಬಿಡಿ!"

ಅವಳು ಕಂಚಿನ ಪಂಖಕ್ಕೆ ಹಗ್ಗ ಕಟ್ಟಿ ಎದೆಮಟ್ಟದ ನೀರಿಗಿಳಿದು ಎಳೆದಳು. ಕೈಗೆ ಭಾರವೇ ಹತ್ತಲಿಲ್ಲ. ಕಳಚಿ ಬಿದ್ದಿತೇನೋ ಎಂದು ಬಗ್ಗಿ ನೋಡಿದರೆ, ಎಸಳೆರಡೂ ಹಿಂದಕ್ಕೆ ಮಡಚಿ ಮುಗಿದ ಕೈಗಳ ಹಾಗೆ ಜೋಡಿಕೊಂಡಿದ್ದವು. ಎಳೆಯುವುದನ್ನು ನಿಲ್ಲಿಸಿದಳು. ಪಂಖ ಗಿರ್ರನೆ ತಿರುಗಿ ಎಸಳು ಅಗಲವಾಗಿ ಬಿಚ್ಚಿಕೊಂಡಿತು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಜ್ಜ?" ಎಂದು ಆಮೆಯ ಮೇಲೆ ರೇಗಿದಳು.

"ನೀನು ಕೇಳಲಿಲ್ಲವಲ್ಲ ಮಗಳೇ."

"ಕೇಳದಿದ್ರೆ ಬಾಯಿ ಬಿಡಬಾರದಾ?"

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಗಾಳಿಯಿಲ್ಲದ ಕಡಲಿನಲ್ಲಿ ಎಸಳು ಬಿಚ್ಚಿಕೊಂಡು ತಳ್ಳಿತು. ಗಾಳಿ ಸಿಕ್ಕಲ್ಲಿ ಮಡಚಿಕೊಂಡು ಸುಮ್ಮನಾಯಿತು. ಹಾಯಿ ತುಂಬಿದ ದೋಣಿ ನೀರನ್ನು ಸೀಳಿ ಓಡಿತು. ಹುಣ್ಣಿಮೆಯ ಉಬ್ಬರ ಅಣ್ಣನಿಂದ ಒಂದು ಗೇಣು ದೂರದಲ್ಲಿರುವಾಗ ದುರ್ಗಿ ದಡಕ್ಕೆ ಹಾರಿದಳು. ಗಂಧಕ ಗೊರಕೆ ಹೊಡೆಯುತ್ತಿದ್ದ. ಅವಳು ಕೊಡತಿ ಎತ್ತಿ ಹಂಡೆಗೆ ಒಂದೇ ಏಟು ಹಾಕಿದಳು.

ಗಾಳಿ ಭೋರೆಂದು ನುಗ್ಗಿ ಗಂಧಕನ ರೇಷ್ಮೆ ನಿಲುವಂಗಿಯನ್ನು ಹಾಯಿಯಂತೆ ಉಬ್ಬಿಸಿತು. ಅಂಗಿ ಅವನ ಕಿವಿಯ ಬಳಿಯೇ ಪಟಪಟ ಬಡಿಯತೊಡಗಿತು. "ಸದ್ದು! ಸದ್ದು ನಿಲ್ಲಿಸೇ!" ಎಂದು ಅರಚುತ್ತಲೇ ಅವನು ಏಳು ಕಡಲಿನಾಚೆಗೆ ಹಾರಿಹೋದ. ಮಂತ್ರ ಕಳಚಿತು. ಉಪ್ಪು ಮತ್ತೆ ಮೈಯಾಯಿತು. ಕುಪ್ಪಯ್ಯ ಕಣ್ಣು ಬಿಟ್ಟು, "ದುರ್ಗೀ, ಬಂದ್ಯಾ?" ಎಂದ.

ಊರಿನ ಹಾಯಿಗಳು ಮತ್ತೆ ಉಬ್ಬಿದವು, ಒಲೆಗಳು ಹೊತ್ತಿದವು. ಗೆಲುವಿನ ನೆನಪಿಗೆಂದು ಮಂತ್ರಿ ಚಿನ್ನದ ಪಂಖವನ್ನು ಅರಮನೆಯ ಬಾಗಿಲಿಗೆ ತೂಗುಹಾಕಲು ಹೊರಟ. ದುರ್ಗಿ ಅಣ್ಣನನ್ನು ಕರೆತಂದು ಅವನ ಎಡಗಾಲನ್ನು ಎಲ್ಲರೆದುರು ಮಣೆಯ ಮೇಲೆ ಇಡಿಸಿದಳು.

"ಒಂದು ಬೆರಳು ನಿಮ್ಮ ಚಿನ್ನಕ್ಕೆ ಹೋಯ್ತು, ಒಂದು ಬೆರಳು ಬೆಳ್ಳಿಗೆ. ತೂಗುಹಾಕೋದಾದ್ರೆ ಇದನ್ನೂ ಬರೆಸಿ."

ಮಂತ್ರಿ ಏಣಿಯಿಂದ ಇಳಿದ. ಬಾಗಿಲಿಗೆ ದುರ್ಗಿ ಪಂಖ ಎಳೆದು ನೋಡಿದ ಆ ಹಗ್ಗವನ್ನು ಕಟ್ಟಿದರು. ಎಲ್ಲರೂ ಬಹುಕಾಲ ಸುಖವಾಗಿದ್ದರು. ದುರ್ಗಿಯೂ ಸುಖವಾಗಿದ್ದಳು. ಅಣ್ಣ ಚಪ್ಪಲಿ ಮೆಟ್ಟುವುದನ್ನು ಕಂಡಾಗ ಮಾತ್ರ ಅವಳಿಗೆ ಮತ್ತೆ ಸಿಟ್ಟು ಬರುತ್ತಿತ್ತು.