ಶಿಡ್ಲಘಟ್ಟದಲ್ಲಿ ನಾಳೆ ಹಿಮ

"ನಿಲ್ರೀ ಅಲ್ಲೇ! ಇನ್ನೊಂದು ಹೆಜ್ಜೆ ಇಟ್ರೆ ನೋಡಿ…!"

ಹುಳುಮನೆಯ ಬಾಗಿಲಲ್ಲಿ ಆ ಯುವಕ ಎತ್ತಿದ ಕಾಲನ್ನು ಇಳಿಸದೆ ಹಾಗೇ ನಿಂತುಬಿಟ್ಟ.

ಒಳಗಿದ್ದವಳು ಕವಿತ. ಅವಳ ಎರಡೂ ಅಂಗೈಗಳ ತುಂಬ ರೇಷ್ಮೆಹುಳುಗಳು. ಗೂಡು ಕಟ್ಟುವ ಹೊತ್ತಿಗೆ ಹುಳು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಶಿಡ್ಲಘಟ್ಟದ ಹತ್ತಿರದ ಅವಳೂರು ಜಂಗಮಕೋಟೆಯ ಕಡೆ ಅದಕ್ಕೆ ಹುಳು ಹಣ್ಣಾಯಿತು ಎನ್ನುತ್ತಾರೆ. ಆ ದಿನ ಮನೆಯಲ್ಲಿ ಯಾರಿಗೂ ಊಟದ ನೆನಪಿರುವುದಿಲ್ಲ. ಹಣ್ಣಾದದ್ದನ್ನೆಲ್ಲ ಆರಿಸಿ, ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು.

"ಕಾಲನ್ನ ಆ ಸುಣ್ಣದ ಪುಡಿ ಮೇಲಿಡಿ. ಸೆಂಟ್ ಹಾಕ್ಕೊಂಡಿದ್ದೀರಾ?"

"ಹೂಂ… ಸ್ವಲ್ಪ."

"ಹಂಗಾದ್ರೆ ಒಳಕ್ಕೆ ಬರ್ಲೇಬೇಡಿ. ಹುಳಕ್ಕೆ ಆಗಲ್ಲ. ಯಾರು ಬೇಕಿತ್ತು?"

"ಕವಿತ ಅನ್ನೋರು… ನಾನು ನಂದಿಯಿಂದ ಬಂದೆ."

ಅವಳ ಕೈ ನಿಂತಿತು.

ಆ ದನಿ! ಎರಡು ತಿಂಗಳಿಂದ ಪ್ರತಿ ಸಂಜೆ ಫೋನಿನಲ್ಲಿ ಕೇಳಿದ ದನಿ!

ಅವನ ಹೆಸರು ವೇಣು. ನಂದಿಯಲ್ಲಿ ದ್ರಾಕ್ಷಿ ತೋಟ. ಮೋಡ ಮುಸುಕಿದರೆ ದ್ರಾಕ್ಷಿಗೆ ರೋಗ, ಹಾಗಾಗಿ ತೋಟದಲ್ಲೇ ಮಳೆಮಾಪಕ ನೆಟ್ಟುಕೊಂಡು, ಹವಾಮಾನದ ವರದಿಗಳನ್ನೆಲ್ಲ ಓದಿಕೊಂಡು, ರೈತರ ವಾಟ್ಸಾಪ್ ಗುಂಪಿಗೆ ದಿನವೂ ಮಾತಿನಲ್ಲೇ ಹೇಳಿ ಕಳಿಸುತ್ತಿದ್ದ. "ಚಿಕ್ಕಬಳ್ಳಾಪುರದೋರಿಗೆ ನಾಳೆ ಬೆಳಿಗ್ಗೆ ಹದಿಮೂರು ಡಿಗ್ರಿ. ಗೌರಿಬಿದನೂರು ಹದಿನೈದು. ಚಿಂತಾಮಣಿ ಕಡೆ ಮೂಡಣ ಗಾಳಿ, ಔಷಧಿ ಹೊಡೀಬೇಡಿ. ಶಿಡ್ಲಘಟ್ಟದೋರು ಹುಳುಮನೆಗೆ ಕೆಂಡದ ಒಲೆ ಇಡಿ…" ಓದು ಬಾರದವರಿಗೂ ತಿಳಿಯಲಿ ಎಂದೇ ಅವನು ಬರೆಯದೆ ಮಾತಾಡುತ್ತಿದ್ದ.

ಒಂದು ದಿನ ಕವಿತ ಅನುಮಾನ ಕೇಳಿದಳು. ಉತ್ತರ ಬಂತು. ಮರುದಿನ ಇನ್ನೊಂದು ಕೇಳಿದಳು. ಆಮೇಲಾಮೇಲೆ ಅನುಮಾನವಿಲ್ಲದಿದ್ದರೂ ಕೇಳತೊಡಗಿದಳು!

ಎರಡೂ ಮನೆಯವರಿಗೆ ವಿಷಯ ಗೊತ್ತಾಗಿ, ಹಿರಿಯರು ಮಾತಾಡಿಯೂ ಆಗಿತ್ತು. ಕವಿತಳ ಒಪ್ಪಿಗೆ ಒಂದೇ ಬಾಕಿ. ಸೋಮವಾರ ಹೇಳುತ್ತೇವೆ ಎಂದು ಅವಳ ಅಪ್ಪ ರಾಮಾಂಜಿನಪ್ಪ ಮಾತು ಕೊಟ್ಟಿದ್ದರು. ಅದಕ್ಕೆ ಮುಂಚೆ ಒಮ್ಮೆ ಮುಖ ನೋಡೋಣವೆಂದು ವೇಣು ಬಂದಿದ್ದ. ಅವಳ ಹುಳುಮನೆಯ ಥರ್ಮಾಮೀಟರ್ ಒಡೆದದ್ದು ನೆನಪಿಟ್ಟು ಹೊಸದನ್ನು ತಂದಿದ್ದ.

ಆದರೆ ನಿನ್ನೆ ಸಂಜೆ ಗುಂಪಿಗೆ… ಅವನ ಆ ಸಂದೇಶ!

"ನಾಳೆ ಗಾಳಿ ಜೋರು. ಮಧ್ಯಾಹ್ನ ಮಳೆ, ಸಾಯಂಕಾಲದಿಂದ ಹಿಮ. ಸೊನ್ನೆಗಿಂತ ಆರು ಡಿಗ್ರಿ ಕೆಳಕ್ಕೆ ಹೋಗುತ್ತೆ. ಹಿಮ ಬೀಳುತ್ತೆ ಬಂಗಾರಿ, ಇನ್ನೇನು ಯೋಚ್ನೆ? ನೆಮ್ಮದಿಯಾಗಿ ಮಲ್ಕೋ…"

ಅಷ್ಟು ಕೇಳಿದ ಕವಿತಳಿಗೆ ಮುಂದಿನದು ಬೇಡವಾಗಿತ್ತು. ಫೋನ್ ಕೆಳಗಿಟ್ಟುಬಿಟ್ಟಿದ್ದಳು. ಮತ್ತೆ ನೋಡಿದಾಗ ಅವನು ಅದನ್ನು ಅಳಿಸಿದ್ದ. ಗುಂಪಿನಲ್ಲಿ ಮಾತ್ರ ನಗು ನಿಂತಿರಲಿಲ್ಲ. ಟೀ ಅಂಗಡಿಯ ಬಯ್ಯಪ್ಪ ಬರೆದಿದ್ದ: "ಶಿಡ್ಲಘಟ್ಟದಲ್ಲಿ ನಾಳೆ ಹಿಮ! ಜಾರೋಕೆ ನಮ್ಮನೆ ಹಪ್ಪಳದ ಮಣೆ ಬಾಡಿಗೆಗಿದೆ!"

ಕವಿತ ಹುಳುಗಳನ್ನು ಮೆತ್ತಗೆ ಚಂದ್ರಿಕೆಗೆ ಬಿಟ್ಟು ಬಾಗಿಲಿಗೆ ಬಂದಳು.

"ಎಲ್ರೀ ನಿಮ್ಮ ಹಿಮ?"

ಅವನ ಕಿವಿ ಕೆಂಪಾಯಿತು. "ಅದು… ತಪ್ಪಾಗಿ ಗುಂಪಿಗೆ ಬಂದ್ಬಿಡ್ತು."

"ಸರಿಯಾಗಿ ಯಾರಿಗೆ ಹೋಗ್ಬೇಕಿತ್ತು?"

ಅವನು ಕೈಯಲ್ಲಿದ್ದ ಥರ್ಮಾಮೀಟರಿನ ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿದ.

"ಯಾರು ಆ ಬಂಗಾರಿ?"

"ಹೇಳೋ ಹಂಗಿಲ್ಲ ಕವಿತ. ಮಾತು ಕೊಟ್ಟಿದ್ದೀನಿ. ಆದ್ರೆ ನೀವಂದ್ಕೊಂಡಂಗೆ ಏನೂ…"

"ನಾನೇನು ಅಂದ್ಕೊಂಡೆ ಅಂತ ನಿಮಗ್ಹೆಂಗೆ ಗೊತ್ತು? ಅದನ್ನೂ ಮುಂಚೆನೇ ಹೇಳ್ಬಿಡ್ತೀರಾ?" "ಗಾಳಿ ಬಂದಾಗ ತೂರ್ಕೊಳ್ಳೋ ಬುದ್ಧಿ ನಿಮ್ದು. ಅಲ್ಲೊಬ್ಳು, ಇಲ್ಲೊಬ್ಳು!"

ವೇಣು ಥರ್ಮಾಮೀಟರನ್ನು ಹೊಸ್ತಿಲ ಪಕ್ಕ, ಯಾರೂ ತುಳಿಯದ ಜಾಗ ನೋಡಿ ಇಟ್ಟ.

"ಮೂರು ದಿನ ಗಾಳಿ, ಮಳೆ ಇದೆ. ಹುಳು ಬೆಚ್ಚಗಿರ್ಲಿ," ಎಂದವನೇ ಹೊರಟುಹೋದ.

*

ಅವನಂದ ಹಾಗೆಯೇ ಆಯಿತು. ಚಳಿಗಾಳಿ ಹಿಪ್ಪುನೇರಳೆ ತೋಟವನ್ನು ಮಲಗಿಸಿ ಎಬ್ಬಿಸಿತು. ಹಿಂದೆಯೇ ಜಿಟಿಜಿಟಿ ಮಳೆ. ಚಂದ್ರಿಕೆಯ ಹುಳುಗಳು ತಮ್ಮ ಪಾಡಿಗೆ ನೂಲು ಸುತ್ತಿಕೊಳ್ಳುತ್ತಿದ್ದವು. ಕವಿತಳಿಗೆ ಕೆಂಡದ ಒಲೆ ನೋಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕೆಲಸವಿಲ್ಲದ ಕೈ, ಬಿಡುವಿಲ್ಲದ ಮನಸ್ಸು…

ಆ ಎರಡು ಸಂಜೆ ಗುಂಪಿನಲ್ಲಿ ಅವನ ದನಿ ಬರಲಿಲ್ಲ.

"ಏನಮ್ಮ, ಸೋಮವಾರಕ್ಕೆ ಏನ್ ಹೇಳ್ಲಿ?" ಶನಿವಾರ ಅಪ್ಪ ಕೇಳಿದರು.

"ಬೇಡ ಅಂದ್ಬಿಡಿ ಅಪ್ಪ."

ರಾಮಾಂಜಿನಪ್ಪ ಮಗಳ ಮುಖ ನೋಡಿದರು. ಕಾರಣ ಕೇಳಲಿಲ್ಲ. ತಾವು ಹೊದ್ದಿದ್ದ ಶಾಲು ತೆಗೆದು ಅವಳ ಹೆಗಲಿಗೆ ಹಾಕಿದರು. "ಇನ್ನೂ ಎರಡು ದಿನ ಐತೆ. ಆತುರ ಬೇಡ," ಎಂದಷ್ಟೇ ಹೇಳಿದರು.

ಬೇಡ ಎಂದಮೇಲೆ ಹಗುರವಾಗಬೇಕಿತ್ತಲ್ಲ? ಆಗಲಿಲ್ಲ. ಒಂದು ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು.

'ಹಿಮ ಬೀಳುತ್ತೆ… ನೆಮ್ಮದಿಯಾಗಿ ಮಲ್ಕೋ.'

ಹಿಮ ಬಿದ್ದರೆ ಯಾರಿಗಾದರೂ ನೆಮ್ಮದಿ ಹೇಗೆ? ಚಳಿಗೆ ಹೆದರಬೇಡ ಎನ್ನುವುದುಂಟು. ಹಿಮ ಬೀಳುತ್ತದೆ, ಅದಕ್ಕೇ ನಿದ್ದೆ ಮಾಡು ಎನ್ನುವುದುಂಟೇ? ಪ್ರೀತಿಸಿದವಳಿಗೆ ಹೇಳುವ ಮಾತೇ ಇದು?

ಕೋಪಕ್ಕಿಂತ ಕುತೂಹಲ ದೊಡ್ಡದಾಯಿತು! ಅವಳು ಕೊಡೆ ತೆಗೆದುಕೊಂಡು ನೇರ ಬಯ್ಯಪ್ಪನ ಅಂಗಡಿಗೆ ಹೋದಳು.

"ಅಣ್ಣ, ಆ ಹಿಮದ ವಾಯ್ಸು ನಿನ್ ಹತ್ರ ಇದೆಯಾ?"

"ಇಲ್ದೆ ಏನಮ್ಮ! ಅವನು ಅಳ್ಸೋ ಮುಂಚೆನೇ ನಮ್ ಬಾಮೈದಂಗೆ ಕಳ್ಸಿದ್ದೆ. ದಿನಾ ಟೀ ಕುಡಿಯೋರಿಗೆ ಅರ್ಧ ಕೇಳ್ಸಿ ನಗ್ಸ್ತೀನಿ."

"ಅರ್ಧ ಯಾಕೆ?"

"ಅಷ್ಟಕ್ಕೇ ಎಲ್ರೂ ಬಿದ್ದು ಬಿದ್ದು ನಗ್ತಾರಲ್ಲ! ಮುಂದಕ್ಕೆ ಯಾರು ಕೇಳ್ತಾರೆ?"

"ಪೂರ್ತಿ ಹಾಕು."

ಬಯ್ಯಪ್ಪ ಒತ್ತಿದ. ಹಿಮ ಬಂತು, ಬಂಗಾರಿ ಬಂದಳು. ನೆಮ್ಮದಿಯಾಗಿ ಮಲ್ಕೋ… ಆಮೇಲೆ ವೇಣುವಿನ ನಗು.

"…ಅವನ ಹತ್ರ ಎರಡು ಸ್ವೆಟರ್ ಇದಾವೆ, ಕೇಳ್ದೆ. ಅಮೃತಂಗೆ ಮಾತ್ರ ಬಾಯಿ ಬಿಡ್ಬೇಡ, ಪಾಪ ಬಿಪಿ ಏರ್ಸ್ಕೊಂಡಾಳು. ಸರಿ, ಆ ಬೊಚ್ಚುಬಾಯಲ್ಲಿ ನಗ್ತಾ ಕೂತ್ರೆ ಆಯ್ತಾ? ಬಸ್ ಸ್ಟಾಂಡಲ್ಲಿ ಸೇವಂತಿಗೆ ಬಾಡ್ತಾ ಐತೆ, ಕಟ್ಟು ಅಜ್ಜೀ!"

ಒಲೆಯ ಮೇಲೆ ಟೀ ಉಕ್ಕಿ ಚೆಲ್ಲಿತು.

ಅಜ್ಜಿ!!

ಬಯ್ಯಪ್ಪ ತಲೆ ಕೆರೆದುಕೊಂಡ. "ಅಯ್ಯೋ… ಇದ್ರಲ್ಲಿ ಯಾರ್ದೋ ಮನೆ ಗುಟ್ಟೈತೆ ಕಣಮ್ಮ." ಅವಳು ಹೇಳುವ ಮೊದಲೇ ಅದನ್ನು ಅಳಿಸಿದ. ಬಾಮೈದನಿಗೂ ಫೋನ್ ಮಾಡಿ ಅಳಿಸು ಎಂದ. ಆ ದಿನ ಅವಳ ಟೀಗೆ ಕಾಸನ್ನೂ ತೆಗೆದುಕೊಳ್ಳಲಿಲ್ಲ.

*

ಶಿಡ್ಲಘಟ್ಟದ ಬಸ್ ಸ್ಟಾಂಡಿನಲ್ಲಿ ಹೂ ಮಾರುವವರು ಮೂವರು. ಹಲ್ಲಿಲ್ಲದವಳು ಒಬ್ಬಳೇ, ಗಂಗುಲಮ್ಮ. ತಲೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ, ಮಡಿಲ ತುಂಬ ಸೇವಂತಿಗೆ.

"ಎಷ್ಟು ಮೊಳ ತಲ್ಲೀ?" ತಾಯಿ ಎನ್ನುವುದನ್ನು ತೆಲುಗಿನಲ್ಲಿ ಎಂದಳು.

ಕವಿತ ಅವಳ ಪಕ್ಕ ಕುಳಿತಳು. "ಅಜ್ಜಿ, ಬಂಗಾರಿ ಅಂದ್ರೆ ನೀನೇನಾ?"

ಮುದುಕಿ ಬೆಚ್ಚಿಬಿದ್ದಳು. ಸುತ್ತ ನೋಡಿ ದನಿ ತಗ್ಗಿಸಿದಳು. "ಆ ನಂದಿ ಹುಡುಗ ಹೇಳಿದ್ನಾ?"

"ಇಲ್ಲ. ಬೈದ್ರೂ ಹೇಳ್ಲಿಲ್ಲ."

ಗಂಗುಲಮ್ಮ ಕೈಯ ಹೂವನ್ನು ಮಡಿಲಿಗೆ ಬಿಟ್ಟಳು. ಅವಳ ಮಗ ಮುನೇಶ್ ಇಲ್ಲಿ ಬೋರ್‌ವೆಲ್ ಲಾರಿಯಲ್ಲಿದ್ದವನು. ಈಗ ದೂರದ ಹಿಮದ ಬೆಟ್ಟದಲ್ಲಿ ಸುರಂಗ ಕೊರೆಯುವ ಕೆಲಸ. ಹೆಂಡತಿ ಅಮೃತಳಿಗೆ ಎಂಟು ತಿಂಗಳು. ರಕ್ತದೊತ್ತಡ ಹೆಚ್ಚು, ಗಾಬರಿ ಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಅವಳ ಲೆಕ್ಕದಲ್ಲಿ ಗಂಡ ದಿಲ್ಲಿಯಲ್ಲಿ ಕ್ರೇನ್ ಓಡಿಸುತ್ತಿದ್ದಾನೆ.

"ಆ ಹುಡುಗ ಹೂವು ತಗೊಳ್ಳೋಕೆ ಬಂದಿದ್ದ. ಮಳೆ ಹೇಳೋನು ನೀನೇನಾ, ಹಿಮ ಹೇಳೋಕಾಗುತ್ತಾ ಅಂದೆ. ಅವತ್ತಿಂದ ಒಂದು ದಿನಾನೂ ತಪ್ಸಿಲ್ಲ ನೋಡು. ನನ್ನನ್ನ ನಗ್ಸೋಕೆ ಬಂಗಾರಿ ಅಂತಾನೆ, ಪೋಕ್ರಿ!"

"ಹಿಮ ಬಿದ್ರೆ ನಿನಗೆ ಭಯ ಆಗಲ್ವಾ ಅಜ್ಜಿ?"

"ಭಯ ಯಾಕೆ? ಹಿಮ ಬಿದ್ರೆ ದಾರಿ ಮುಚ್ತದೆ, ಸುರಂಗದ ಕೆಲಸ ನಿಲ್ಲಿಸ್ತಾರೆ. ನನ್ ಮಗ ರೂಮಲ್ಲಿ ಕಂಬ್ಳಿ ಹೊದ್ದು ಮಲಗಿರ್ತಾನೆ. ಬಿಸ್ಲು ಬಂದ್ರೇನೇ ಗುಡ್ಡದ ಹೊಟ್ಟೆಯೊಳಕ್ಕೆ ಹೋಗೋದು. ಹಿಮ ಬೀಳೋ ದಿನಾನೇ ನನಗೆ ನಿದ್ದೆ ಕಣಮ್ಮ."

ಕವಿತಳ ಕಣ್ಣು ತುಂಬಿತು.

"ಮೊನ್ನೆ ಬಂದು ಕೂತಿದ್ದ. ಮುಖ ಬಾಡೋಗಿತ್ತು. ಏನೋ ಅಂದ್ರೆ, 'ಅಮ್ಮಂಗೆ ಹೇಳ್ಬಿಡ್ತೀನಜ್ಜಿ, ಆ ಹುಡುಗಿಗೆ ಇಷ್ಟ ಇಲ್ಲ, ಕೇಳೋದು ಬೇಡ ಅಂತ' ಅಂದ. ನಾನು ಅಂದೆ, ನನ್ ಗುಟ್ಟು ಹಾಳಾಗ್ಲಿ, ಹೋಗಿ ಹೇಳೋ ಅಂತ. 'ಹೆರಿಗೆ ಆಗ್ಲಿ ಬಿಡು' ಅಂದ್ಬಿಟ್ಟ." ಗಂಗುಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಆ ಹುಡುಗಿ ನೀನೇನಾ?"

ಕವಿತ ತಲೆ ತಗ್ಗಿಸಿದಳು. ಮುದುಕಿ ಬಯ್ಯಲಿಲ್ಲ. ಒಂದು ಮೊಳ ಸೇವಂತಿಗೆ ಹರಿದು ಅವಳ ಜಡೆಗೆ ತಾನೇ ಮುಡಿಸಿದಳು.

"ಬೇಗ ಹೋಗು ತಲ್ಲೀ!"

*

ಭಾನುವಾರ ಬೆಳಿಗ್ಗೆ ಅಪ್ಪನ ಹತ್ತಿರ ಎರಡು ಮಾತಾಡಿ ಕವಿತ ಸ್ಕೂಟರ್ ಏರಿದಳು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ನಂದಿ ತಲುಪುವಷ್ಟರಲ್ಲಿ ಅವಳ ಬೆರಳುಗಳು ಮರಗಟ್ಟಿದ್ದವು. ಬೆಟ್ಟದ ತಲೆ ಮೋಡದಲ್ಲಿ ಮುಳುಗಿತ್ತು.

ಅವನು ತೋಟದ ಅಂಚಿನಲ್ಲಿ ಮಂಡಿಯೂರಿ ಮಳೆಮಾಪಕದ ನೀರು ನೋಡುತ್ತಿದ್ದ.

"ಎಷ್ಟಿದೆ?"

ವೇಣು ತಿರುಗಿದ. ಪಾತ್ರೆಯ ನೀರೆಲ್ಲ ಅವನ ಪ್ಯಾಂಟಿನ ಮೇಲೆ ಚೆಲ್ಲಿತು!

"ಇಪ್ಪತ್… ನೋಡ್ತಿದ್ದೆ… ಚೆಲ್ಲೋಯ್ತು."

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು.

"ಗಂಗುಲಜ್ಜೀನ ನೋಡ್ದೆ."

ಅವನು ಗಾಬರಿಯಾಗಿ ಎದ್ದ. "ಅಮೃತಂಗೆ…?"

"ಗೊತ್ತಾಗಿಲ್ಲ. ಗೊತ್ತಾಗೋದೂ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ಬಾಗ್ಲಲ್ಲಿ ನಿಲ್ಸಿ ಅಷ್ಟೊಂದು ಅಂದೆ. ಒಂದು ಮಾತು, ಅಜ್ಜಿ ಅಂತ ಒಂದೇ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ ವೇಣು?"

"ಯಾವ ಅಜ್ಜಿ ಅಂತ ಕೇಳ್ತಿದ್ರಿ. ನೀವು ಬಿಡೋರಲ್ಲ ಅಂತ ಗೊತ್ತು. ಎರಡು ತಿಂಗಳು ನಿಮ್ಮ ಅನುಮಾನಕ್ಕೆಲ್ಲ ಉತ್ರ ಕೊಟ್ಟಿದ್ದೀನಿ."

"ನಾನು ಬೇಡ ಅಂದ್ಬಿಟ್ಟಿದ್ರೆ?"

ಅವನು ಬೆಟ್ಟದ ಕಡೆ ನೋಡಿದ. "ಹೊಟ್ಟೆಯೊಳಗಿರೋ ಮಗು ಕವಿತ… ನನ್ನ ಸಂಕಟ ಅದಕ್ಕಿಂತ ದೊಡ್ಡದಾಗಿರ್ಲಿಲ್ಲ. ಹೆಚ್ಚು ಕಮ್ಮಿ ಅಷ್ಟೇ ಇತ್ತು."

ಕವಿತ ಮರಗಟ್ಟಿದ ಕೈಯನ್ನು ಅವನ ಕಡೆ ಚಾಚಿದಳು. ಅವನು ಹಿಡಿಯಲೋ ಬೇಡವೋ ಎಂದು ನೋಡಿ, ತನ್ನ ಒದ್ದೆ ಅಂಗೈಯನ್ನು ಮೊದಲು ಅಂಗಿಗೆ ಒರೆಸಿಕೊಂಡು, ಆಮೇಲೆ ಹಿಡಿದುಕೊಂಡ.

"ತಣ್ಣಗಿದೆ," ಎಂದ.

"ಜಂಗಮಕೋಟೆಯಿಂದ ಗಾಡಿ ಓಡಿಸ್ಕೊಂಡು ಬಂದಿದ್ದೀನಿ. ತಣ್ಣಗಿರ್ದೆ?"

"ನಾಳೆ ನಿಮ್ಮಪ್ಪಂಗೆ ಏನ್ ಹೇಳ್ತೀರಿ?"

"ನಾಳೆವರ್ಗೂ ಯಾಕೆ? ಬೆಳಿಗ್ಗೆನೇ ಹೇಳಿ ಬಂದೆ."

"ಏನಂತ…?"

"ಊರಿಗೆಲ್ಲ ನಾಳೇದು ಇವತ್ತೇ ಹೇಳ್ತೀರಲ್ಲ. ನೀವೇ ಹೇಳಿ ನೋಡೋಣ."

ಅವನು ಅವಳ ಮುಖವನ್ನು ನಿಧಾನವಾಗಿ, ಕಪ್ಪು ಮೋಡದ ಅಂಚು ನೋಡುವವನಂತೆ ನೋಡಿದ. "ಹೇಳ್ಬಹುದು. ತಪ್ಪಾದ್ರೆ ಅಂತ ಭಯ."

ಕವಿತ ಇನ್ನೊಂದು ಕೈಯನ್ನೂ ಅವನ ಅಂಗೈಯೊಳಗಿಟ್ಟಳು.

"ಹೇಳಿ ವೇಣು… ಈ ಸಲ ಪೂರ್ತಿ ಕೇಳಿಸ್ಕೊಳ್ತೀನಿ."